ಕುಂದ್ರಸ್ರಿ, ಮಲಗಸಬ್ಯಾಡ್ರಿ

ತರಬೇತಿ ಯಾದಗಿರಿಯಲ್ಲಿರಲಿ, ಶಹಾಪುರದಲ್ಲಿರಲಿ, ಸುರಪುರದಲ್ಲಿರಲಿ, ನಾನು ಮೊದಲು ಮಾಡುವ ಕೆಲಸ ಒಂದೇ. ಗಾಲಿಕುರ್ಚಿಯನ್ನು ಮೊದಲ ಸಾಲಿನ ಎದುರಿಗೆ ನಿಲ್ಲಿಸಿಕೊಂಡು, ತೋಳು ಚಾಚಿ, "ಯಾರರೆ ಬಂದು ನನ್ನ ಬಿ.ಪಿ. ನೋಡ್ರಿ" ಎನ್ನುತ್ತೇನೆ. ಆಂಬುಲೆನ್ಸಿನಲ್ಲಿ ದುಡಿಯುವವರಿಗೆ ಅದೇನು ದೊಡ್ಡ ಕೆಲಸವಲ್ಲ. ಒಬ್ಬರು ಎದ್ದು ಬರುತ್ತಾರೆ, ಪಟ್ಟಿ ಸುತ್ತುತ್ತಾರೆ, ಗಾಳಿ ತುಂಬಿ ಇಳಿಸುತ್ತಾರೆ. ಆಮೇಲೆ ಅವರ ಮುಖ ಸಣ್ಣದಾಗುತ್ತದೆ. ಇನ್ನೊಮ್ಮೆ ನೋಡುತ್ತಾರೆ.

"ಎಷ್ಟದ?"

"ತೊಂಬತ್ತು, ಅರವತ್ತು ಅದರಿ ಮೇಡಂ."

"ಈಗೇನ್ ಮಾಡ್ತೀರಿ?"

"ಮಲಗ್ಸಿ, ಕಾಲು ಮ್ಯಾಲ ಮಾಡಿ, ಸಲೈನ್ ಹಚ್ಚತೀವ್ರಿ."

"ನನಗ ಸಲೈನ್ ಹಚ್ಚಿದ್ರ ನಿಮಗ ಕ್ಲಾಸ್ ಯಾರ್ ತಗೋತಾರ್ರಿ? ಇದು ನನ್ನ ದಿನದ ಬಿ.ಪಿ. ಮುಂಜಾನಿ ಚಹಾ ಕುಡದು, ಭಾಬಿ ಜೋಡಿ ಜಗಳಾಡಿ ಬಂದೀನಿ. ನನಗೇನೂ ಆಗಿಲ್ಲ."

ಕೋಣೆ ನಗುತ್ತದೆ. ನಗು ಇಳಿದ ಮೇಲೆ ವಿಷಯಕ್ಕೆ ಬರುತ್ತೇನೆ. ಕತ್ತಿನ ಬೆನ್ನುಹುರಿಗೆ ಪೆಟ್ಟು ಬಿದ್ದವರ ರಕ್ತದೊತ್ತಡ ಸಾಮಾನ್ಯವಾಗಿ ಹೀಗೆ ಕೆಳಗೇ ಇರುತ್ತದೆ. ಅಂಥವರಲ್ಲಿ ನೂರ ಮೂವತ್ತು ಕಂಡರೆ ನೀವು ನಾರ್ಮಲ್ ಎಂದು ಪಟ್ಟಿ ಬಿಚ್ಚಿಕೊಂಡು ಹೊರಟುಬಿಡುತ್ತೀರಿ. ಆದರೆ ಅವರ ಪಾಲಿಗೆ ಅದು ಏರಿದ ಒತ್ತಡ. ಯಾಕೆ ಏರಿತೆಂದು ಹುಡುಕದೆ ಬಿಟ್ಟರೆ ಜೀವಕ್ಕೆ ಕುತ್ತು. ಆದ್ದರಿಂದ ಯಂತ್ರದ ಅಂಕಿಗಿಂತ ಮೊದಲು ಆ ಮನುಷ್ಯನ ದಿನದ ಅಂಕಿ ಎಷ್ಟೆಂದು ಮನೆಯವರನ್ನು ಕೇಳಿ.

ನರ್ಸಿಂಗ್ ಓದುವಾಗ ಬೆನ್ನುಹುರಿಯ ಪಾಠ ಇತ್ತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮರೆತೂ ಇದ್ದೆ. ಉಳಿದದ್ದನ್ನು ನನ್ನ ಮೈಯೇ ಕಲಿಸಿತು.

ಆಗ ನಾನು ಶಹಾಪುರ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಮನೆ ಶಹಾಪುರದಲ್ಲೇ. ಅಣ್ಣನದು ವೆಲ್ಡಿಂಗ್ ಅಂಗಡಿ. ಅವನ ಹೆಂಡತಿಯೇ ನನ್ನ ಭಾಬಿ. ಮನೆಯೊಳಗೆ ನಮ್ಮದು ದಖನಿ ಉರ್ದು ಮಾತು, ಹೊಸ್ತಿಲು ದಾಟಿದರೆ ಕನ್ನಡ. ಶಿರವಾಳದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ, ಲಸಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಟಂಟಂ ಆಟೋ ಹತ್ತಿದ್ದೆ. ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂತು. ಅದಕ್ಕೆ ದಾರಿ ಬಿಡಲು ನಮ್ಮ ಡ್ರೈವರ್ ಪಕ್ಕಕ್ಕೆ ಹೊರಳಿಸಿದ, ಗಾಲಿ ತಗ್ಗಿಗೆ ಇಳಿಯಿತು, ಟಂಟಂ ಉರುಳಿತು. ಉಳಿದವರು ಕೈಕಾಲು ತರಚಿಕೊಂಡು ಎದ್ದು ಕುಳಿತರು. ನಾನು ಏಳಲಿಲ್ಲ.

ಹೊಲದ ಅಂಚಿನಲ್ಲಿ ಅಂಗಾತ ಬಿದ್ದಿದ್ದೆ. ಲಸಿಕೆಯ ಡಬ್ಬಿ ಬಾಯಿ ತೆರೆದು ಪಕ್ಕದಲ್ಲೇ ಬಿದ್ದಿತ್ತು. ಅದರೊಳಗಿನ ಮಂಜುಗಡ್ಡೆಯ ಪೊಟ್ಟಣದ ಮೇಲೆ ನನ್ನ ಕೈ ಬಿದ್ದಿದ್ದನ್ನು ಕಣ್ಣ ತುದಿಯಿಂದ ನೋಡಿದೆ. ಬೆರಳಿಗೆ ತಣ್ಣಗೆ ಅನ್ನಿಸಲಿಲ್ಲ. ಆಗಲೇ ನನಗೆ ಗೊತ್ತಾಯಿತು.

ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವರು ಓಡಿ ಬಂದರು. "ಸಿಸ್ಟರ್ ಬಿದ್ದಾರ, ಎತ್ರಿ ಎತ್ರಿ" ಎಂದು ಯಾರೋ ಕೂಗಿದರು. ಇಬ್ಬರು ನನ್ನ ರಟ್ಟೆಗೆ ಕೈ ಹಾಕಲು ಬಾಗಿದರು.

"ಯಾರೂ ಮುಟ್ಟಬ್ಯಾಡ್ರಿ!" ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಹೊರಟದ್ದು ನನಗೇ ಅಚ್ಚರಿ. "ನನ್ನ ಕುತಗಿ ಮುರದದ. ನಾ ಹೇಳಿದಂಗ ಮಾಡ್ರಿ. ಒಬ್ಬರು ತಲಿ ಹಿಡೀರಿ, ಅಲಗಾಡಬಾರ್ದು."

ಅವರ ಮಕ್ಕಳಿಗೆಲ್ಲ ಸೂಜಿ ಚುಚ್ಚಿದವಳು ನಾನು. ನನ್ನ ಮಾತು ಕೇಳುವ ರೂಢಿ ಅವರಿಗೆ ಮೊದಲೇ ಇತ್ತು. ಒಬ್ಬ ಮುದುಕ ನನ್ನ ತಲೆಯ ಹತ್ತಿರ ಮಂಡಿಯೂರಿ ಎರಡೂ ಅಂಗೈಗಳ ನಡುವೆ ನನ್ನ ತಲೆಯನ್ನು ಹಿಡಿದ. ಅವನ ಕೈಯಿಂದ ತಂಬಾಕು ಮತ್ತು ಸುಣ್ಣದ ವಾಸನೆ ಬರುತ್ತಿತ್ತು. ಉಳಿದವರು ಪಂಪ್‌ಸೆಟ್ ಮನೆಯ ಬಾಗಿಲನ್ನೇ ಕಿತ್ತು ತಂದರು. "ಎಲ್ಲಾರೂ ಕೂಡೇ ಹೊಳ್ಳಸ್ರಿ, ದೇಹ ಒಂದ ದಿಮ್ಮಿ ಹಂಗ ಹೊಳ್ಳಬೇಕು" ಎಂದು ಹೇಳಿಕೊಟ್ಟೆ. ಆಂಬುಲೆನ್ಸ್ ಬಂದು ಕತ್ತಿಗೆ ಪಟ್ಟಿ ಕಟ್ಟುವವರೆಗೆ ಆ ಮುದುಕ ಕೈ ತೆಗೆಯಲಿಲ್ಲ. ಇವತ್ತು ನನ್ನ ಮೊಣಕೈ ಮಡಚುತ್ತದೆ, ಮಣಿಕಟ್ಟು ಮೇಲೇಳುತ್ತದೆ, ಗಾಲಿಕುರ್ಚಿಯನ್ನು ಅಂಗೈಯಿಂದ ನಾನೇ ದೂಡಿಕೊಳ್ಳುತ್ತೇನೆ. ಇಷ್ಟಾದರೂ ಉಳಿಯುವುದಕ್ಕೆ ಆ ಹೊಲದವರು ಕಾರಣ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದರು. ನಾನೂ ನಂಬಿದ್ದೇನೆ.

ಬೆರಳುಗಳು ಮಾತ್ರ ಬರಲಿಲ್ಲ, ಎದೆಯಿಂದ ಕೆಳಗೂ ಏನೂ ಬರಲಿಲ್ಲ. ದೂರದ ಊರಿನ ಪುನರ್ವಸತಿ ಆಸ್ಪತ್ರೆಯಲ್ಲಿ ಬಹಳ ತಿಂಗಳಿದ್ದೆ. ಭಾಬಿಯೂ ನನ್ನ ಜೊತೆ ಅಲ್ಲಿದ್ದಳು. ನನ್ನನ್ನು ಹೊರಳಿಸುವುದು, ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ನೋಡುವುದು, ಮೂತ್ರದ ಪೈಪು ಬದಲಾಯಿಸುವುದು, ಎಲ್ಲವನ್ನೂ ಅಲ್ಲಿಯ ನರ್ಸುಗಳಿಂದ ಕಲಿತಳು. ಊರಿಗೆ ಬಂದಾಗ ಅಣ್ಣ ಬಾಗಿಲಿಗೆ ಕಬ್ಬಿಣದ ಇಳಿಜಾರು ಮಾಡಿಸಿಟ್ಟಿದ್ದ. ಮೊದಲ ದಿನ ಅದು ತುಸು ಕಡಿದಾಗಿತ್ತು. ಬೈದೆ. ಮರುದಿನ ಸರಿ ಮಾಡಿದ.

ಊರಿಗೆ ಬಂದ ಮೊದಲ ಬೇಸಿಗೆಯ ಒಂದು ಮುಂಜಾನೆ. ಭಾಬಿ ನನ್ನನ್ನು ಮಂಚದಿಂದ ಕುರ್ಚಿಗೆ ಕೂರಿಸಿ ರೊಟ್ಟಿ ಬಡಿಯಲು ಹೋಗಿದ್ದಳು. ನನ್ನ ಮೂಗು ಕಟ್ಟಿದಂತಾಯಿತು. ಕತ್ತು, ಕೆನ್ನೆ ಕಾವೇರಿದವು. ಮುಖದಿಂದ ಬೆವರು ಸುರಿಯತೊಡಗಿತು. ನೋಡನೋಡುತ್ತಲೇ ತಲೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗೆ ನೋವು. ಕಣ್ಣು ಮಂಜಾಯಿತು. "ಭಾಬಿ" ಎಂದು ಕರೆದವಳಿಗೆ ಮುಂದಿನ ಮಾತು ಬರಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು, ಅಣ್ಣನಿಗೆ ಆಂಬುಲೆನ್ಸ್ ಕರೆಯಲು ಕೂಗಿ ಹೇಳಿದಳು.

ಆಂಬುಲೆನ್ಸಿನಲ್ಲಿ ಬಂದ ಸಿಬ್ಬಂದಿ ರಾಮಸಮುದ್ರದ ಕಡೆಯವರು, ನನಗಿಂತ ಹಿರಿಯರು, ಬಹಳ ವರ್ಷ ಗಾಡಿಯ ಮೇಲೆ ದುಡಿದವರು. ಬಂದವರೇ ನನ್ನ ಬೆವರು ನೋಡಿದರು, ಗಾಲಿಕುರ್ಚಿ ನೋಡಿದರು.

"ಬೆನ್ನಹುರಿ ಪೇಷಂಟ್ ಹೌದಲ್ರಿ? ಹೆದರಬ್ಯಾಡ್ರಿ ತಂಗಿ, ಮೊದಲ ಮಲಕೊಳ್ರಿ" ಎಂದು ಸ್ಟ್ರೆಚರ್ ಎಳೆದು, ಡ್ರೈವರನೊಂದಿಗೆ ನನ್ನನ್ನು ಎತ್ತಿ ಮಲಗಿಸಿಯೇ ಬಿಟ್ಟರು.

ಮಲಗಿದ ಕೂಡಲೇ ತಲೆನೋವು ಇಮ್ಮಡಿಯಾಯಿತು. ಭಾಬಿ ಹಿಟ್ಟಿನ ಕೈಯಿಂದಲೇ ಅವರ ತೋಳು ಹಿಡಿದು ಜಗ್ಗಿದಳು. ಗಾಬರಿಯಲ್ಲಿ ಅವಳ ಬಾಯಿಗೆ ಕನ್ನಡವೇ ಬರಲಿಲ್ಲ.

"ಸುಲಾವ್ ನಕ್ಕೋ! ಉಠಾಕೆ ಬಿಠಾವ್!" ಎಂದಳು. ಮಲಗಿಸಬೇಡಿ, ಎಬ್ಬಿಸಿ ಕೂರಿಸಿ ಎಂದು.

"ಅಲ್ರಿ ಅಮ್ಮಾರೆ, ಬೆನ್ನಹುರಿ ಪೇಷಂಟನ್ನ ಕುಂದ್ರಸಬಾರ್ದು ಅಂತ ನಮಗ ಕಲಸ್ಯಾರ್ರಿ."

ಭಾಬಿ ವಾದ ಮಾಡಲಿಲ್ಲ. ನನ್ನ ಬೆನ್ನ ಹಿಂದೆ ಕೈ ಹಾಕಿ ಎತ್ತಿ ಕೂರಿಸಿ, ನನ್ನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಳು. ಇನ್ನೊಂದು ಕೈಯಿಂದ ಮೂತ್ರದ ಪೈಪನ್ನು ಮೇಲಿನಿಂದ ತಡವುತ್ತ ಹೋದಳು. ಕುರ್ಚಿಯಲ್ಲಿ ಕೂತಾಗಲೇ ಅದು ನನ್ನ ತೊಡೆಯಡಿ ಸಿಕ್ಕು ಮಡಚಿಕೊಂಡಿತ್ತು. ಸ್ಟ್ರೆಚರಿನ ಮೇಲೂ ಅದರ ಮಡಿಕೆ ಬಿಟ್ಟಿರಲಿಲ್ಲ. ಭಾಬಿ ಬಿಡಿಸಿದಳು. ಚೀಲಕ್ಕೆ ಮೂತ್ರ ಸರಸರ ಇಳಿಯಿತು. ಒಲೆಯ ಮೇಲೆ ಬಿಟ್ಟು ಬಂದಿದ್ದ ರೊಟ್ಟಿ ಸೀದು ವಾಸನೆ ಬರುವ ಹೊತ್ತಿಗೆ ನನ್ನ ತಲೆಯೊಳಗಿನ ಕುಟ್ಟಾಟ ನಿಂತಿತ್ತು.

ಪೈಪು ಮಡಚಿ ಬಿ.ಪಿ. ಏರಿತ್ತೆಂದು ಭಾಬಿ ಹೇಳಿದಾಗ ರಾಮಸಮುದ್ರದ ಅಣ್ಣ ಬಿ.ಪಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. "ಇದೇನ್ರಿ ಇದು?" ಎಂದರು. "ಪೈಪ್ ಮಡಚಿದ್ರ ಬಿ.ಪಿ. ಏರ್ತದ? ನಮಗ ಯಾರೂ ಹೇಳಿಲ್ಲಲ್ರಿ!"

ಅವರ ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲಲ್ಲ, ಹೇಳದೇ ಬಿಟ್ಟವರ ಮೇಲೆ. ಆ ಸಿಟ್ಟು ನನಗೆ ಬಹಳ ಹಿಡಿಸಿತು.

"ಕುಂದರ್ರಿ ಅಣ್ಣಾರೆ, ನಾ ಹೇಳ್ತೀನಿ" ಎಂದೆ. ಭಾಬಿ ಚಹಾ ಇಟ್ಟಳು. ಅವರಿಗೆ ಹೇಳಿದ್ದೇ ನನ್ನ ಮೊದಲ ಪಾಠ. ಕೆಳಗಿನ ಮೈ ತನ್ನ ಕಷ್ಟವನ್ನು ತಲೆಗೆ ತಿಳಿಸಲಾರದು, ದಾರಿ ಕಡಿದುಹೋಗಿದೆ. ಮೂತ್ರ ತುಂಬಿದರೂ, ಮಲ ಗಟ್ಟಿಯಾದರೂ, ಎಲ್ಲೋ ಒತ್ತಿ ಹುಣ್ಣಾದರೂ ನನಗೆ ನೋವಾಗಿ ತಿಳಿಯುವುದಿಲ್ಲ. ಆದರೆ ಮೈ ಸುಮ್ಮನಿರದೆ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ಒತ್ತಡ ಏರುತ್ತದೆ. ಮಲಗಿಸಿದರೆ ಆ ಒತ್ತಡವೆಲ್ಲ ತಲೆಗೆ. ಕೂರಿಸಿ ಕಾಲು ಇಳಿಬಿಟ್ಟರೆ ಸ್ವಲ್ಪ ಇಳಿಯುತ್ತದೆ, ಕಾರಣ ಹುಡುಕಲು ಹೊತ್ತು ಸಿಗುತ್ತದೆ. ಅವರು ಚಹಾ ಕುಡಿಯುವುದನ್ನು ಮರೆತು ಕೇಳಿದರು. ಎದ್ದು ಹೋಗುವಾಗ, "ನನಗೊಬ್ಬಗ ಹೇಳಿದ್ರ ಆಗಂಗಿಲ್ರಿ ತಂಗಿ. ಎಲ್ಲಾರಿಗೂ ಹೇಳ್ರಿ" ಎಂದರು.

ಮರುದಿನವೇ ನಮ್ಮ ತಾಲ್ಲೂಕಿನ ಆರೋಗ್ಯಾಧಿಕಾರಿಗೆ ಫೋನು ಮಾಡಿಸಿದೆ. ಆ ಡಾಕ್ಟರು ನನ್ನನ್ನು ನರ್ಸ್ ಆಗಿದ್ದಾಗಿನಿಂದ ಬಲ್ಲವರು. ಪೂರ್ತಿ ಕೇಳಿದರು. "ನೀವು ಬರೋದಾದ್ರ ಜನಾ ನಾ ಕೂಡಸ್ತೀನಿ" ಎಂದರು. ಬರುತ್ತೇನೆ ಎಂದೆ. ಹಾಗೆ ಶುರುವಾಯಿತು.

ಯಾದಗಿರಿಯ ಮೊದಲ ಕ್ಲಾಸಿನಲ್ಲಿ ಒಂದು ಸಣ್ಣ ತೊಡಕು ಎದುರಾಯಿತು. ಮೂತ್ರ, ಮಲ ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ಗಂಡಸರೆಲ್ಲ ನೆಲ ನೋಡತೊಡಗಿದರು. ಹೆಣ್ಣುಮಗಳು ಹೇಳುತ್ತಿದ್ದಾಳೆ, ಅದೂ ತನ್ನದೇ ಮೈಯ ಬಗ್ಗೆ. ಪ್ರಶ್ನೆ ಕೇಳುವವರೇ ಇಲ್ಲ. ನಾನು ಮಾತು ನಿಲ್ಲಿಸಿದೆ.

"ಎಲ್ಲಾರೂ ನನ್ನ ಜೋಡಿ ಅನ್ರಿ. ಉಚ್ಚಿ."

ಯಾರೂ ಅನ್ನಲಿಲ್ಲ.

"ಅನ್ರಿ! ನಾಚಿಕಿ ನನಗಿಲ್ಲ, ನಿಮಗ್ಯಾಕ? ಉಚ್ಚಿ ನಿಂತದಂತ ಕೇಳಾಕ ನಾಚಿದ್ರ ಪೇಷಂಟ್ ಗಾಡ್ಯಾಗ ಹೋಗಿಬಿಡ್ತಾನ."

ಹಿಂದಿನ ಸಾಲಿನಿಂದ ರಾಮಸಮುದ್ರದ ಅಣ್ಣ ಗಟ್ಟಿಯಾಗಿ "ಉಚ್ಚಿ!" ಎಂದರು. ನಗು ಬಾಂಬಿನಂತೆ ಸಿಡಿಯಿತು. ಆಮೇಲೆ ಎಲ್ಲರೂ ಅಂದರು. ಅವತ್ತಿನಿಂದ ಪ್ರಶ್ನೆಗಳಿಗೆ ಬರವಿಲ್ಲ.

ಅವರ ದೊಡ್ಡ ಗೊಂದಲ ಆ ಅಣ್ಣನದೇ ಗೊಂದಲ. ಬೆನ್ನುಹುರಿಯ ಪೆಟ್ಟು ಎಂದರೆ ಅಲುಗಾಡಿಸಬಾರದು, ಕೂರಿಸಬಾರದು. ಇವರು ಕೂರಿಸಿ ಅನ್ನುತ್ತಾರಲ್ಲ? ನಾನು ಹೇಳುವುದು ಇಷ್ಟೆ. ಈಗ ಬಿದ್ದವನು ಬೇರೆ, ಎಂದೋ ಬಿದ್ದು ಮೂಳೆ ಕೂಡಿಕೊಂಡು ಮನೆಯಲ್ಲಿರುವವನು ಬೇರೆ. ಈಗ ಬಿದ್ದವನ ಕತ್ತು ಅಲುಗಾಡಬಾರದು, ದಿಮ್ಮಿಯ ಹಾಗೆ ಹೊರಳಿಸಿ. ಅವನ ಹಿಂದಿನ ಕಿಸೆಯಲ್ಲಿ ಚಾವಿ, ಮೊಬೈಲು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಮಲಗಿಸಿ ಒಯ್ಯುವ ಬೋರ್ಡಿನ ಮೇಲೆ ಅದು ಚರ್ಮವನ್ನು ತಿನ್ನುತ್ತದೆ, ಅವನಿಗೆ ತಿಳಿಯುವುದಿಲ್ಲ. ನನ್ನ ಬೆನ್ನ ಕೆಳಗಿನ ಹುಣ್ಣು ಮಾಯಲು ಒಂದು ಮಳೆಗಾಲವೇ ಬೇಕಾಯಿತು. ಇನ್ನು ಹಳೆಯ ಪೆಟ್ಟಿನವನು ತಲೆ ಸಿಡಿಯುತ್ತದೆ, ಬೆವರುತ್ತಿದೆ ಎಂದರೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಪೈಪು ನೋಡಿ, ಆಮೇಲೆ ಮಲ ನೋಡಿ, ಒತ್ತಡ ಮತ್ತೆ ಮತ್ತೆ ನೋಡುತ್ತಿರಿ. ಇಳಿಯದಿದ್ದರೆ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಔಷಧಿ ಕೊಡಿ.

ಹೀಗೆ ಹೇಳುತ್ತ ಹೇಳುತ್ತ ಮುಂದಿನ ಬೇಸಿಗೆಗೆ ಸುರಪುರಕ್ಕೆ ಬಂದೆವು. ಅಷ್ಟು ಹೊತ್ತಿಗೆ ರಾಮಸಮುದ್ರದ ಅಣ್ಣನಿಗೆ ಸುರಪುರದ ಗಾಡಿಗೆ ಬದಲಿಯಾಗಿತ್ತು. ಅವರ ಜೊತೆಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ, ನರ್ಸಿಂಗ್ ಮುಗಿಸಿ ಬಂದವಳು. ಮಾತು ಕಡಿಮೆ, ಕಣ್ಣು ಚುರುಕು.

ಮುಂಜಾನೆಯ ಪಾಠದ ಕೊನೆಗೆ ನಾನು ಒಂದು ಮಾತು ಹೇಳಿದ್ದೆ. "ಊಟ ಆದ ಮ್ಯಾಲ ನಾ ಪೇಷಂಟ್ ಆಗಿ ನಾಟಕ ಮಾಡ್ತೀನಿ. ನನಗ ಏನಾಗ್ಯದ ಅಂತ ನೀವು ಹುಡುಕಬೇಕು." ಭಾಬಿಯನ್ನು ಅದೇ ಊರಿನಲ್ಲಿದ್ದ ಅವಳ ಖಾಲಾನ, ಅಂದರೆ ಚಿಕ್ಕಮ್ಮನ ಮನೆಗೆ ಊಟಕ್ಕೆ ಕಳಿಸಿದ್ದೆ. ಎಷ್ಟೋ ದಿನಗಳಿಂದ ಹೋಗಬೇಕೆನ್ನುತ್ತಿದ್ದಳು. ಊಟದ ನಂತರ ಮೊದಲು ಎತ್ತುವ ಅಭ್ಯಾಸ. ನನ್ನನ್ನೇ ಚಾಪೆಯ ಮೇಲೆ ಮಲಗಿಸಿ, ದಿಮ್ಮಿಯಂತೆ ಹೊರಳಿಸಿ, ಬೋರ್ಡಿಗೆ ಬೆಲ್ಟು ಬಿಗಿದು ಎತ್ತಿದರು. ಇಳಿಸಿದರು. ಇನ್ನೊಂದು ತಂಡ ಎತ್ತಿತು. ಚೆನ್ನಾಗಿ ಮಾಡುತ್ತಿದ್ದರು, ನಾನೂ ಹುರುಪಿನಲ್ಲಿ ಮಾತಾಡುತ್ತಿದ್ದೆ.

ಮಾತಿನ ನಡುವೆ ಮೂಗು ಕಟ್ಟಿತು. ಕತ್ತಿಗೆ ಕಾವು ಏರಿತು. ಒಂದು ಕ್ಷಣ ಅನುಮಾನಿಸಿದೆ, ಫ್ಯಾನು ತಿರುಗುತ್ತಿಲ್ಲ, ಸೆಕೆ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ತಲೆಯೊಳಗೆ ಕುಟ್ಟಾಟ ಶುರುವಾಯಿತು.

"ನನಗ ತಲಿ ಬಡಿಯಾಕತ್ತದ" ಎಂದೆ.

"ಮೇಡಂ ಶುರು ಮಾಡಿದ್ರು ನೋಡ್ರಿ" ಎಂದು ಯಾರೋ ನಕ್ಕರು. ಇನ್ನೊಬ್ಬರು, "ಎಷ್ಟ ಚಂದ ಮಾಡ್ತಾರ" ಎಂದರು.

"ನಾಟಕ ಅಲ್ರಿ" ಎಂದೆ. ಅದಕ್ಕೂ ನಕ್ಕರು. ರೋಗಿ ಆಗಿ ನಟಿಸುವವಳು ನಾಟಕವಲ್ಲ ಎನ್ನದೆ ಮತ್ತೇನೆಂದಾಳು? ಬೋರ್ಡಿಗೆ ಬಿಗಿಸಿಕೊಂಡೇ ಮಲಗಿದ್ದೇನೆ, ಸುತ್ತ ನನ್ನನ್ನು ಉಳಿಸಲು ಕಲಿಯುತ್ತಿರುವವರೇ ಇದ್ದಾರೆ, ಒಬ್ಬರೂ ನಂಬುತ್ತಿಲ್ಲ. ಆಗ ಹೆದರಿದೆ, ಸುಳ್ಳು ಹೇಳುವುದಿಲ್ಲ. ಕಣ್ಣ ಮುಂದೆ ಮಾಡಿನ ಹಂಚುಗಳು ಕದಡಿ ಒಂದಾದವು.

ಆ ಹೊಸ ಹುಡುಗಿ ಬಾಗಿ ನನ್ನ ತೋಳು ನೋಡಿದಳು. ರವಿಕೆಯ ತೋಳನ್ನು ತುಸು ಮೇಲೆ ಸರಿಸಿದಳು. "ಅಣ್ಣಾರೆ" ಎಂದು ಕರೆದಳು. "ಅಕ್ಕಾರ ಮೈಮ್ಯಾಲ ಕೂದಲ ನೆಟ್ಟಗಾಗ್ಯಾವ್ರಿ. ಇದನ್ನ ನಾಟಕ ಮಾಡಾಕ ಬರಂಗಿಲ್ಲ."

ರಾಮಸಮುದ್ರದ ಅಣ್ಣ ಜನರನ್ನು ಸರಿಸಿಕೊಂಡು ಬಂದರು. ನನ್ನ ಮುಖ ಒಮ್ಮೆ ನೋಡಿದರು, ಅಷ್ಟೆ. "ಬೆಲ್ಟ್ ಬಿಚ್ಚ್ರಿ! ಕುಂದ್ರಸ್ರಿ, ಕುಂದ್ರಸ್ರಿ!" ಎಂದು ಕೂಗುತ್ತಲೇ ನನ್ನ ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಿದರು. ಹುಡುಗಿ ಬಿ.ಪಿ. ನೋಡಿದಳು. ನೂರ ಅರವತ್ತು.

"ತಂಗಿ, ಪೈಪ್ ನೋಡಬೇಕಾಗ್ಯದ. ನೋಡ್ಲೇನು?" ಎಂದು ಅಣ್ಣ ಕೇಳಿದರು. ಅಷ್ಟು ಅವಸರದಲ್ಲೂ ಕೇಳಿದರು. ನಾನು ಹುಡುಗಿಯ ಕಡೆ ಕಣ್ಣು ತಿರುಗಿಸಿದೆ. ಅವರಿಗೆ ತಿಳಿಯಿತು. ಉಳಿದ ಗಂಡಸರಿಗೆ, "ಬೆನ್ನ ತಿರುಗಿಸಿ ನಿಂದರ್ರಿ, ಗ್ವಾಡಿ ಆಗ್ರಿ" ಎಂದರು. ಅವರೆಲ್ಲ ನನ್ನ ಸುತ್ತ ಬೆನ್ನು ಹಾಕಿ ಗೋಡೆಯಂತೆ ನಿಂತರು. ಹುಡುಗಿ ಬಟ್ಟೆಯೊಳಗೆ ಕೈ ಹಾಕಿ ಪೈಪನ್ನು ತಡವಿದಳು. ಬೆಲ್ಟಿನ ಬಕಲ್ ತೊಡೆಯ ಮೇಲೆ ಅದನ್ನು ಅಮುಕಿ ಹಿಡಿದಿತ್ತು. ಬೆಲ್ಟು ಬಿಚ್ಚಿದರೂ ಪೈಪು ಚಪ್ಪಟೆಯಾಗಿ ಅಂಟಿಕೊಂಡೇ ಇತ್ತು. ಬೆರಳಲ್ಲಿ ಉಜ್ಜಿ ಬಿಡಿಸಿದಳು.

"ಬಂತ್ರಿ! ಉಚ್ಚಿ ಬಂತು!" ಎಂದು ಅವಳು ಕೂಗಿದ್ದಕ್ಕೆ ಗೋಡೆಯಾಗಿ ನಿಂತ ಗಂಡಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಯಾರಿಗೂ ನಾಚಿಕೆಯಾಗಲಿಲ್ಲ.

ಒತ್ತಡ ಇಳಿಯಿತು. ಇಳಿದ ಮೇಲೂ ಹುಡುಗಿ ಪಟ್ಟಿ ಬಿಚ್ಚಲಿಲ್ಲ, ಮತ್ತೆ ಮತ್ತೆ ನೋಡುತ್ತಲೇ ಇದ್ದಳು, ಮುಂಜಾನೆ ನಾನು ಹೇಳಿದ ಹಾಗೆಯೇ. ನಾನು ಗೋಡೆಗೆ ಒರಗಿ ಕುಳಿತು ನೀರು ಕುಡಿದೆ. ಲೋಟವನ್ನು ಅವಳೇ ಹಿಡಿದಳು.

"ಹಂಗ ಬಿಟ್ಟಿದ್ರ ಏನಾಗ್ತಿತ್ರಿ?" ಎಂದು, ಮೊದಲು ನಕ್ಕಿದ್ದವರು ಕೇಳಿದರು. ಅವರ ಮುಖ ಬೆಳ್ಳಗಾಗಿತ್ತು.

"ತಲ್ಯಾಗ ನರ ಒಡೀಬಹುದಿತ್ತು. ನೀವು ಬಿಡಲಿಲ್ಲ" ಎಂದೆ. "ಇನ್ನೊಂದ ಮಾತು ಬರ್ಕೊಳ್ರಿ. ಬೆಲ್ಟ್ ಬಿಗಿಯೋ ಮುಂದ ಪೈಪ್ ಎಲ್ಲದ ನೋಡ್ರಿ. ಇದು ನನ್ನ ಪಾಠದಾಗ ಇರಲಿಲ್ಲ. ಇವತ್ತಿನಿಂದ ಇರ್ತದ."

ಭಾಬಿ ವಾಪಸು ಬಂದಾಗ ನಾನು ಎಂದಿನಂತೆ ಪಾಠ ಮಾಡುತ್ತಿದ್ದೆ. ನನ್ನ ಕೆಂಪೇರಿದ ಕತ್ತನ್ನು ನೋಡಿದವಳೇ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಅಲ್ಲಿದ್ದ ಎಲ್ಲರನ್ನೂ ದಖನಿಯಲ್ಲಿ ಬೈದಳು. ಅರ್ಧ ಜನರಿಗೆ ಅರ್ಥವಾಯಿತು, ಅರ್ಧ ಜನರಿಗೆ ಆಗಲಿಲ್ಲ, ಎಲ್ಲರೂ ತಲೆ ಬಗ್ಗಿಸಿ ಬೈಸಿಕೊಂಡರು. ಬೈಗುಳ ಮುಗಿದ ಮೇಲೆ ಹುಡುಗಿಯನ್ನು ಪಕ್ಕಕ್ಕೆ ಕರೆದು, ಖಾಲಾ ಕಟ್ಟಿಕೊಟ್ಟಿದ್ದ ಸಿಹಿಯಷ್ಟನ್ನೂ ಅವಳ ಕೈಗಿಟ್ಟಳು.

ಆ ಬೇಸಿಗೆ ಮುಗಿಯುವ ಮೊದಲೇ ಒಂದು ದಿನ ನಡುಹಗಲು ನನ್ನ ಫೋನು ರಿಂಗಾಯಿತು. ರಾಮಸಮುದ್ರದ ಅಣ್ಣ.

"ತಂಗಿ, ದೇವಾಪುರದಾಗ ಅದೀನಿ. ಒಬ್ಬ ಕುರಿ ಕಾಯಾವ. ಹ್ವಾದ ವರ್ಷ ಆಡಿಗೆ ಸೊಪ್ಪು ಕಡಿಯಾಕ ಬೇವಿನ ಗಿಡ ಏರಿ ಬಿದ್ದಾನ. ಕುತಗಿ ಪೆಟ್ಟು. ತಲಿ ಸಿಡೀತದ ಅಂತಾನ, ಮಾರಿ ತುಂಬ ಬೆವರು. ಚಳಿ ಬಂದದ ಅಂತ ಮನ್ಯಾವ್ರು ಕಂಬಳಿ ಹೊಚ್ಚಿ ಮಲಗಸ್ಯಾರ."

"ನೀವೇನ್ ಮಾಡೀರಿ?"

"ಕಂಬಳಿ ತಗದು ಕುಂದ್ರಸೀನಿ. ಅವನ ಹೆಂಡತಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಕುಂತಾಳ. ಬಿ.ಪಿ. ನೂರೈವತ್ತು. ದಿನಾ ನೂರು ಇರ್ತದಂತ, ಕೇಳೀನಿ. ಪೈಪ್ ಎಲ್ಲೂ ಮಡಚಿಲ್ಲ, ಆದ್ರ ಚೀಲ ಖಾಲಿ."

"ಹೊಟ್ಟಿ ಮುಟ್ಟಿ ನೋಡ್ರಿ, ಹೊಕ್ಕಳದ ಕೆಳಗ."

"ಉಬ್ಬದ."

"ಪೈಪ್ ಒಳಗ ಕಟ್ಟದ ಅಣ್ಣಾರೆ. ಬದಲಿ ಮಾಡಬೇಕು. ಹುಡುಗಿ ಅದಾಳಲ್ಲ?"

"ಅದಾಳ. ಕೈಗವಸು ಹಾಕ್ಕೊಂಡ ನಿಂತಾಳ."

"ಡಾಕ್ಟರಿಗೆ ಹೇಳೀರೇನು?"

"ಅವರಿಗೇ ಮೊದಲ ಮಾಡಿದ್ದು. ಬದಲಿ ಮಾಡ್ರಿ ಅಂದ್ರು. ನಿಮಗ ಯಾಕ ಮಾಡೀನಿ ಅಂದ್ರ..." ಅವರು ತಡೆದರು. "ನೀವು ಕೇಳಾಕತ್ತಿದ್ರ ನನಗ ಧೈರ್ಯ."

ಫೋನನ್ನು ತೊಡೆಯ ಮೇಲಿಟ್ಟು, ಸ್ಪೀಕರ್ ಹಾಕಿಸಿಕೊಂಡು ಕೇಳುತ್ತ ಕುಳಿತೆ. ಭಾಬಿಯೂ ಬಂದು ಪಕ್ಕದಲ್ಲಿ ನಿಂತಳು. ಆ ಕಡೆ ಆಡುಗಳು ಅರಚುತ್ತಿದ್ದವು. ಒಬ್ಬ ಹೆಂಗಸು ಏನೋ ಕೇಳುತ್ತಿದ್ದಳು. ಹುಡುಗಿ ಮೆಲ್ಲಗೆ, "ಮಾಮಾ, ಉಸರ ಬಿಡ್ರಿ, ಆತು, ಆತು" ಎನ್ನುತ್ತಿದ್ದಳು. ಹಳೆಯ ಪೈಪಿನ ತುದಿಯಲ್ಲಿ ಸುಣ್ಣದಂತೆ ಗಟ್ಟಿಯಾದದ್ದು ಅಡ್ಡ ಕೂತಿತ್ತಂತೆ. ಹೊಸದು ಒಳಗೆ ಹೋದ ಕೂಡಲೇ ಅವಳ ದನಿ ಜೋರಾಯಿತು. "ಬಂತ್ರಿ!"

ಅಂಕಿ ಇಳಿಯುತ್ತ ಬಂದದ್ದನ್ನು ಅಣ್ಣ ಒಂದೊಂದಾಗಿ ಓದಿ ಹೇಳಿದರು. ಮೂತ್ರದಲ್ಲಿ ಸೋಂಕಿರಬಹುದೆಂದು ಅವನನ್ನು ಒರಗಿ ಕೂರಿಸಿಕೊಂಡೇ ಸುರಪುರದ ಆಸ್ಪತ್ರೆಗೆ ಒಯ್ದರು. ಡಾಕ್ಟರು ಔಷಧಿ ಶುರು ಮಾಡಿದರು. ಕೆಲವು ದಿನಗಳಲ್ಲಿ ಮನೆಗೆ ಬಂದ. ಅವತ್ತು ಫೋನು ಇಟ್ಟ ಮೇಲೆ ನನ್ನ ಎದೆಯೊಳಗೆ ಏನೋ ತುಂಬಿ ಬಂದಿತ್ತು. ಹೆಮ್ಮೆ ಅನ್ನಬೇಕು, ಬೇರೆ ಹೆಸರು ಹುಡುಕುವುದಿಲ್ಲ.

ಮಳೆ ಬೀಳುವ ಮೊದಲು ಅವನನ್ನು ನೋಡಲು ದೇವಾಪುರಕ್ಕೆ ಹೋದೆವು. ಮನೆಯ ಮುಂದೆ ಆಡು ಕುರಿಗಳ ಹಟ್ಟಿ, ಅದರ ಪಕ್ಕದ ಮಂಚದ ಮೇಲೆ ಅವನು. ಅವನ ಹೆಂಡತಿ ನನ್ನ ಗಾಲಿಕುರ್ಚಿಯನ್ನು ಸುತ್ತು ಹಾಕಿ ನೋಡಿದಳು. ನಾನು ಮಣಿಕಟ್ಟು ಎತ್ತಿ ಲೋಟ ಹಿಡಿಯುವುದನ್ನು ನೋಡಿದಳು.

"ನೀವು ಇಷ್ಟೆಲ್ಲಾ ತಿರಗ್ತೀರಲ್ರೀ ಅಕ್ಕಾರೆ, ಇವ ಮಂಚಾನ ಬಿಡಂಗಿಲ್ಲ" ಎಂದಳು.

"ಯಾಕ ಬಿಡಂಗಿಲ್ಲ?" ಎಂದು ಅವನನ್ನೇ ಕೇಳಿದೆ.

"ಎಲ್ಲಿಗಿ ಹೋಗ್ಲಿ ಅಕ್ಕಾ? ಕುರಿ ಹಿಂದ ಓಡಾಕ ಆಗಂಗಿಲ್ಲ."

ಭಾಬಿ ಅವನ ಹಿಮ್ಮಡಿ ಎತ್ತಿ ನೋಡಿದಳು. ಕೆಂಪಗೆ ಒಂದು ಗುರುತಿತ್ತು. ಹೆಂಡತಿಯನ್ನು ಕೂರಿಸಿಕೊಂಡು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೆ ಬಟ್ಟೆಯ ಸುರುಳಿ ಇಡುವುದನ್ನು, ಹೊತ್ತು ಹೊತ್ತಿಗೆ ಹೊರಳಿಸುವುದನ್ನು ತೋರಿಸಿಕೊಟ್ಟಳು. ಬಿಸಿಲಲ್ಲಿ ಬಿಡಬೇಡ, ಇವರ ಮೈ ಕೆಳಗೆ ಬೆವರುವುದಿಲ್ಲ, ಬೇಗ ಕಾಯುತ್ತದೆ, ಒದ್ದೆ ಟವೆಲು ಹೊದಿಸು ಎಂದಳು. ಭಾಬಿ ತರಬೇತಿ ಕೊಡುವುದನ್ನು ನಾನು ಅವತ್ತು ಮೊದಲ ಸಲ ದೂರ ಕೂತು ನೋಡಿದೆ. ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ.

ನಾವು ನಾಲ್ವರೂ ಸೇರಿ ಅವನನ್ನು ಮರದ ಕುರ್ಚಿಗೆ ಕೂರಿಸಿ, ಸೀರೆಯೊಂದರಿಂದ ಎದೆಗೆ ಕಟ್ಟಿ, ನೆರಳಿಗೆ ಎಳೆದುಕೊಂಡು ಹೋದೆವು. ನಾಲ್ಕನೆಯವರು ರಾಮಸಮುದ್ರದ ಅಣ್ಣ, ನಮ್ಮನ್ನು ದಾರಿ ತೋರಿಸಿ ಕರೆತಂದವರು. ನನ್ನ ಪಾಲಿನ ಕೆಲಸ ಎಲ್ಲಿ ಹಿಡಿಯಬೇಕೆಂದು ಹೇಳುವುದು ಮಾತ್ರ. ಅಲ್ಲಿಂದ ಅವನಿಗೆ ಬಯಲು ಕಂಡಿತು. ಅವನ ಸ್ವಂತ ಅಣ್ಣನ ಮಗನೊಬ್ಬ ಹೊಡೆದುಕೊಂಡು ಹೋಗುತ್ತಿದ್ದ ಆಡುಗಳು ಪಕ್ಕದವರ ಹೊಲದ ಕಡೆ ತಿರುಗುತ್ತಿದ್ದವು.

"ಏ, ಅತ್ತಾಗ ಹೊಂಟಾವ!" ಎಂದ ಅವನು. ದನಿ ಅಷ್ಟು ದೂರ ಹೋಗಲಿಲ್ಲ.

"ಸೀಟಿ ಹೊಡೀರಿ" ಎಂದೆ.

"ಉಸರ ಸಾಲಂಗಿಲ್ಲ ಅಕ್ಕಾ."

"ಅದಕ್ಕ ಹೊಡೀರಿ. ದಿನಾ ಹೊಡೀರಿ. ಎದಿಗೆ ಅದಕ್ಕಿಂತ ಚಲೋ ಕಸರತ್ತು ಇಲ್ಲ. ಉಸರ ಗಟ್ಟಿ ಇದ್ರ ಕಫ ಕಟ್ಟಂಗಿಲ್ಲ."

ಅವನು ತುಟಿ ಮಡಚಿ ಊದಿದ. ಬರೀ ಗಾಳಿ. ಹೆಂಡತಿ ನಗು ತಡೆದುಕೊಂಡಳು. ಮತ್ತೆ ಊದಿದ, ಸಣ್ಣಗೆ ದನಿ ಬಂತು. ಭಾಬಿ ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಅವನು ಊದುವಾಗ ಒಳಗೆ ಮೇಲಕ್ಕೆ ಒತ್ತಿದಳು, ಕೆಮ್ಮಿಸಲು ನನಗೆ ಮಾಡುವ ಹಾಗೆ. ಈ ಸಲದ ಸೀಟಿ ಬಯಲಿಗೆ ಮುಟ್ಟಿತು. ಮುಂದಿನ ಆಡು ತಲೆ ಎತ್ತಿತು, ನಿಂತಿತು, ಹೊರಳಿತು. ಉಳಿದವು ಅದರ ಹಿಂದೆ ಹೊರಳಿದವು.

"ನೋಡ್ರಿ, ಗುರ್ತ ಹಿಡದಾವ!" ಎಂದ ಅವನು. ಇನ್ನೊಂದು ಸೀಟಿಗೆ ಆಗಲೇ ಉಸಿರು ಎಳೆದುಕೊಳ್ಳುತ್ತಿದ್ದ.